ಹಳೇ ಹೆಡ್‌ಫೋನ್‌ಗೆ ಹೊಸ ಆಂಪ್ ಬೇಕಾ? ಮೊದಲು ಲೆಕ್ಕ, ಆಮೇಲೆ ಖರೀದಿ

(ನಮ್ಮ ಚಾನೆಲ್‌ನ ವಿಡಿಯೋ ಮಾತಿನ ಬರಹ ರೂಪ. ಓದೋರಿಗೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ವಾಕ್ಯ ಸರಿಮಾಡಿದ್ದೇನೆ. ಲೆಕ್ಕಗಳು ವಿಡಿಯೋದಲ್ಲಿ ಬೇಗ ಸರಿದು ಹೋಗುತ್ತವೆ, ಇಲ್ಲಿ ನಿಧಾನಕ್ಕೆ ನೋಡಬಹುದು.)

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈ ಕಡೆ ಇರೋ ನಮ್ಮ ಕನ್ನಡದ ಐಟಿ ಮಂದಿಗೆ ವಿಶೇಷ ನಮಸ್ಕಾರ, ಯಾಕಂದ್ರೆ ಇವತ್ತಿನ ಪ್ರಶ್ನೆ ಬಂದಿದ್ದು ಆ ಕಡೆಯಿಂದಾನೇ. ವಿಷಯ ಇಷ್ಟು: ಮನೆಯಲ್ಲಿ ಒಂದು ಹಳೇ, ಒಳ್ಳೇ ಹೆಡ್‌ಫೋನ್ ಇದೆ. ಫೋನಿಗೆ ಹಾಕಿದ್ರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳತ್ತೆ. ಎಲ್ಲರೂ "ಆಂಪ್ ತಗೋ" ಅಂತಾರೆ. ಯಾವ ಆಂಪ್, ಎಷ್ಟು ದುಡ್ಡಿಂದು, ನಿಜಕ್ಕೂ ಬೇಕಾ?

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಇದು ಮಾಡೆಲ್ ಹೆಸರು ಹೇಳಿ ಲಿಂಕ್ ಕೊಡೋ ವಿಡಿಯೋ ಅಲ್ಲ. ಎಂಟೆಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಈಗ ಸಾಫ್ಟ್‌ವೇರ್ ಬರೆಯೋನು ನಾನು. ಓದಿದ್ದರಲ್ಲಿ ದಿನಾ ಕೆಲಸಕ್ಕೆ ಬರೋದು ಕಡಿಮೆ. ಆದ್ರೆ ಓಮ್ಸ್ ಲಾ ಮಾತ್ರ ಇಂಥ ಹೊತ್ತಲ್ಲಿ ಹತ್ತು ಹದಿನೈದು ಸಾವಿರ ಉಳಿಸತ್ತೆ. ಅದನ್ನೇ ಇವತ್ತು ಬಳಸೋಣ.

ಹಳೇ ಹೆಡ್‌ಫೋನ್ ಯಾಕೆ ಹಠ ಮಾಡತ್ತೆ

ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 48 ಮಾರುಕಟ್ಟೆಗೆ ಬಂದಿದ್ದು 1937ರಲ್ಲಿ. ಡೈನಾಮಿಕ್ ಹೆಡ್‌ಫೋನ್‌ಗಳ ಅಜ್ಜ ಅಂತ ಕರೀಬಹುದು. ಸೆನ್‌ಹೈಸರ್ ಎಚ್‌ಡಿ 414 ಬಂದಿದ್ದು 1968ರಲ್ಲಿ. ಹಳದಿ ಸ್ಪಂಜು ಇಟ್ಟ ಓಪನ್ ಹೆಡ್‌ಫೋನ್, ಇಂಪೀಡೆನ್ಸ್ ಬರೋಬ್ಬರಿ 2000 ಓಮ್. 70ರ ದಶಕದಲ್ಲಿ ಎಕೆಜಿ ಕಂಪನಿಯ ಕೆ240 ಬಂತು. ಡ್ರೈವರ್ ಸುತ್ತ ಆರು ಪ್ಯಾಸಿವ್ ರೇಡಿಯೇಟರ್ ಇದ್ದಿದ್ದಕ್ಕೆ ಅದರ ಮೊದಮೊದಲ ಮಾಡೆಲ್‌ಗೆ ಸೆಕ್ಸ್‌ಟೆಟ್ ಅಂತ ಹೆಸರು. ಅದು 600 ಓಮ್. ಈಗ ಫೋನಿಗೆ ಹಾಕೋ ಸಾಧಾರಣ ಇಯರ್‌ಫೋನ್ 16 ಅಥವಾ 32 ಓಮ್.

ಆಗಿನವರಿಗೆ ಇಷ್ಟು ಓಮ್ ಯಾಕೆ ಬೇಕಿತ್ತು? ಆಗ ಹೆಡ್‌ಫೋನ್ ಹಾಕ್ತಿದ್ದದ್ದು ಗೋಡೆಯ ಕರೆಂಟ್‌ನಿಂದ ನಡೆಯೋ ದೊಡ್ಡ ಯಂತ್ರಗಳಿಗೆ. ಟೇಪ್ ರೆಕಾರ್ಡರ್, ರೇಡಿಯೋ, ಸ್ಟುಡಿಯೋ ಮಿಕ್ಸರ್. ಅದರೊಳಗೆ ವೋಲ್ಟೇಜ್‌ಗೆ ಬರ ಇರಲಿಲ್ಲ. ಓಮ್ ಜಾಸ್ತಿ ಇದ್ರೆ ಕರೆಂಟ್ ಕಡಿಮೆ ಎಳೆಯತ್ತೆ, ಹಾಗಾಗಿ ಸ್ಟುಡಿಯೋದಲ್ಲಿ ಒಂದೇ ಲೈನಿಗೆ ನಾಲ್ಕೈದು ಹೆಡ್‌ಫೋನ್ ಹಾಕಿದ್ರೂ ತೊಂದರೆ ಆಗ್ತಿರಲಿಲ್ಲ. ಈಗ ನಿಮ್ಮ ಫೋನ್ ನಡೆಯೋದು 3.7 ವೋಲ್ಟ್ ಬ್ಯಾಟರಿಯಲ್ಲಿ. ಅದು ಹೆಡ್‌ಫೋನಿಗೆ ಕೊಡೋದು ಒಂದು ವೋಲ್ಟ್ ಆಸುಪಾಸು. ಹೆಡ್‌ಫೋನ್ ಕೆಟ್ಟಿಲ್ಲ, ಫೋನೂ ಕೆಟ್ಟಿಲ್ಲ. ಎರಡೂ ಬೇರೆ ಬೇರೆ ಕಾಲದವು, ಅಷ್ಟೇ.

ಇದನ್ನ ನಮ್ಮ ಸೊಸೈಟಿ ನೀರಿನ ಭಾಷೆಯಲ್ಲಿ ಹೇಳೋದಾದ್ರೆ ವೋಲ್ಟೇಜ್ ಅಂದ್ರೆ ಒತ್ತಡ, ಕರೆಂಟ್ ಅಂದ್ರೆ ಹರಿಯೋ ನೀರು, ಓಮ್ ಅಂದ್ರೆ ಪೈಪ್ ಎಷ್ಟು ಸಣ್ಣದು ಅನ್ನೋದು. 600 ಓಮ್ ಸಣ್ಣ ಪೈಪು. ಅದಕ್ಕೆ ನೀರು ಸ್ವಲ್ಪ ಸಾಕು, ಆದ್ರೆ ಟ್ಯಾಂಕ್ ಎತ್ತರದಲ್ಲಿರಬೇಕು. 32 ಓಮ್ ದೊಡ್ಡ ಪೈಪು. ಟ್ಯಾಂಕ್ ತಗ್ಗಲ್ಲಿದ್ರೂ ನಡೆಯತ್ತೆ, ನೀರು ಮಾತ್ರ ಜಾಸ್ತಿ ಬೇಕು.

ಓಮ್ ಒಂದೇ ನೋಡಿದ್ರೆ ಸಾಲದು

ಇಲ್ಲೇ ಬಹಳ ಜನ ಎಡವೋದು. "ನಂದು 600 ಓಮ್, ದೊಡ್ಡ ಆಂಪ್ ಬೇಕೇ ಬೇಕು" ಅಂತಾರೆ. ಓಮ್ ಜೊತೆಗೆ ಸೆನ್ಸಿಟಿವಿಟಿ ಅನ್ನೋದು ಒಂದಿದೆ. ಒಂದು ಮಿಲಿವ್ಯಾಟ್ ಕೊಟ್ರೆ ಎಷ್ಟು ಡಿಬಿ ಸದ್ದು ಬರತ್ತೆ ಅನ್ನೋದು. ಎರಡೂ ಸೇರಿದ್ರೆ ಮಾತ್ರ ಉತ್ತರ.

ಲೆಕ್ಕದ ಕ್ರಮ ಹೀಗೆ. ಸಂಗೀತದ ಅತಿ ದೊಡ್ಡ ಕ್ಷಣಕ್ಕೆ 110 ಡಿಬಿ ಸಿಗಬೇಕು ಅಂತ ಗುರಿ ಇಟ್ಕೊಳ್ಳಿ. ಸರಾಸರಿ ನಾವು ಕೇಳೋದು 70, 75 ಡಿಬಿ. ಶಾಸ್ತ್ರೀಯ ಸಂಗೀತದಲ್ಲಿ ಸರಾಸರಿಗಿಂತ 15ರಿಂದ 20 ಡಿಬಿ ಮೇಲಕ್ಕೆ ಹೋಗೋ ಕ್ಷಣ ಬರತ್ತೆ. ಹಳೇ ರೆಕಾರ್ಡಿಂಗ್ ಕಡಿಮೆ ಸದ್ದಲ್ಲಿ ತುಂಬಿಸಿರ್ತಾರೆ, ಅದಕ್ಕೆ ಇನ್ನೊಂದು ಹತ್ತು ಡಿಬಿ. ಹಾಗಾಗಿ 110 ಅನ್ನೋದು ಧಾರಾಳವಾದ ಗುರಿ. ಇದು ಕೇಳೋ ಮಟ್ಟ ಅಲ್ಲ, ಆಂಪ್‌ನ ಹೆಡ್‌ರೂಮ್.

ಪ್ರತಿ 10 ಡಿಬಿಗೆ ಹತ್ತು ಪಟ್ಟು ಪವರ್ ಬೇಕು, ಪ್ರತಿ 3 ಡಿಬಿಗೆ ಎರಡು ಪಟ್ಟು. ಪವರ್ ಗೊತ್ತಾದ್ಮೇಲೆ ಅದನ್ನ ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದ್ರೆ ವೋಲ್ಟೇಜ್. ನಾಲ್ಕು ಉದಾಹರಣೆ ನೋಡೋಣ.

ಎಕೆಜಿ ಕೆ240 ಡಿಎಫ್: 600 ಓಮ್, 88 ಡಿಬಿ. 110ಕ್ಕೆ 22 ಡಿಬಿ ಕಡಿಮೆ. ಅಂದ್ರೆ ಸುಮಾರು 158 ಮಿಲಿವ್ಯಾಟ್. ವೋಲ್ಟೇಜ್ ಸುಮಾರು 9.7.

ಬೇಯರ್‌ಡೈನಾಮಿಕ್ ಡಿಟಿ 880, 600 ಓಮ್ ಮಾಡೆಲ್: ಅದೇ 600 ಓಮ್, ಆದ್ರೆ 96 ಡಿಬಿ. 14 ಡಿಬಿ ಬೇಕು, 25 ಮಿಲಿವ್ಯಾಟ್. ವೋಲ್ಟೇಜ್ ಸುಮಾರು 3.9.

ಸೆನ್‌ಹೈಸರ್ ಎಚ್‌ಡಿ 600: 300 ಓಮ್, 97 ಡಿಬಿ. 20 ಮಿಲಿವ್ಯಾಟ್. ವೋಲ್ಟೇಜ್ ಸುಮಾರು 2.5.

ಫಾಸ್ಟೆಕ್ಸ್ ಟಿ50ಆರ್‌ಪಿ, ಮೂರನೇ ಆವೃತ್ತಿ: 50 ಓಮ್, 92 ಡಿಬಿ. 63 ಮಿಲಿವ್ಯಾಟ್. ವೋಲ್ಟೇಜ್ 1.8 ಸಾಕು, ಆದ್ರೆ ಕರೆಂಟ್ 35 ಮಿಲಿಆಂಪ್ ಬೇಕು. ಎಚ್‌ಡಿ 600ಗೆ ಬೇಕಾಗೋದು 8 ಮಿಲಿಆಂಪ್ ಮಾತ್ರ.

ನೋಡಿದ್ರಾ? ಒಂದೇ 600 ಓಮ್ ಇರೋ ಎರಡು ಹೆಡ್‌ಫೋನ್‌ಗೆ ಬೇಕಾದ ವೋಲ್ಟೇಜ್‌ನಲ್ಲಿ ಎರಡೂವರೆ ಪಟ್ಟು ವ್ಯತ್ಯಾಸ. "600 ಓಮ್‌ಗೆ ಯಾವ ಆಂಪ್" ಅನ್ನೋ ಪ್ರಶ್ನೆಗೆ ಒಂದೇ ಉತ್ತರ ಯಾಕಿಲ್ಲ ಅಂತ ಈಗ ಗೊತ್ತಾಯ್ತಲ್ಲ. ಇನ್ನೊಂದು ಎಚ್ಚರ. ಕೆ240 ಅನ್ನೋ ಹೆಸರಲ್ಲೇ ಹಲವು ಮಾಡೆಲ್ ಇವೆ. ಹಳೇ ಮಾನಿಟರ್ ಮತ್ತು ಡಿಎಫ್ 600 ಓಮ್, ಆಮೇಲೆ ಬಂದ ಸ್ಟುಡಿಯೋ 55 ಓಮ್. ಡಿಟಿ 48ರಲ್ಲೂ 5, 25, 200 ಓಮ್ ಅಂತ ಬೇರೆ ಬೇರೆ ಇವೆ. ಕಪ್ ಮೇಲೆ ಏನು ಬರೆದಿದೆ ನೋಡಿ. ಅಕ್ಷರ ಅಳಿಸಿ ಹೋಗಿದ್ರೆ ಮಲ್ಟಿಮೀಟರ್ ಹಚ್ಚಿ. ಅಲ್ಲಿ ಬರೋ ಡಿಸಿ ರೆಸಿಸ್ಟೆನ್ಸ್ ಹೇಳಿದ ಓಮ್‌ಗಿಂತ ಸ್ವಲ್ಪ ಕಡಿಮೆ ಇರತ್ತೆ. ಎಡ ಬಲ ಎರಡೂ ಹತ್ತಿರ ಹತ್ತಿರ ಇರಬೇಕು. ಒಂದು ಕಡೆ ಎಷ್ಟೋ ಇದ್ದು ಇನ್ನೊಂದು ಕಡೆ ಏನೂ ತೋರಿಸದಿದ್ರೆ ಆಂಪ್ ಮಾತು ಬಿಡಿ, ಮೊದಲು ಕೇಬಲ್ ನೋಡಿ.

ಮನೆಯಲ್ಲಿ ಆಗಲೇ ಏನಿದೆ

ಒಂದು ರೂಪಾಯಿ ಖರ್ಚು ಮಾಡೋ ಮುಂಚೆ ಇರೋದನ್ನ ಪರೀಕ್ಷೆ ಮಾಡಿ.

ಒಂದು, ಯುಎಸ್‌ಬಿ ಡಾಂಗಲ್. ಸಾಧಾರಣದ್ದು 1 ವೋಲ್ಟ್ ಕೊಡತ್ತೆ, ಸ್ವಲ್ಪ ಒಳ್ಳೇದು 2 ವೋಲ್ಟ್. ಎಚ್‌ಡಿ 600ಗೆ 2 ವೋಲ್ಟ್ ಕೊಟ್ರೆ 108 ಡಿಬಿ ತನಕ ಹೋಗತ್ತೆ. ಅಂದ್ರೆ ಆಂಪ್ ಇಲ್ಲದೇನೇ ಕೆಲಸ ಮುಗೀತು. ಕೆ240 ಡಿಎಫ್‌ಗೆ 1 ವೋಲ್ಟ್‌ನಲ್ಲಿ 90, 2 ವೋಲ್ಟ್‌ನಲ್ಲಿ 96 ಡಿಬಿ. ಸಿನಿಮಾ ಹಾಡಿಗೆ ನಡೆಯತ್ತೆ, ಹಳೇ ಆಲಾಪಕ್ಕೆ ಸಾಲಲ್ಲ.

ಎರಡು, ಆಫೀಸಿನ ಲ್ಯಾಪ್‌ಟಾಪ್. 2021ರಲ್ಲಿ ಬಂದ 14 ಮತ್ತು 16 ಇಂಚಿನ ಮ್ಯಾಕ್‌ಬುಕ್ ಪ್ರೊದಿಂದ ಈಚೆಗೆ ಆ್ಯಪಲ್ ಒಂದು ಒಳ್ಳೆ ಕೆಲಸ ಮಾಡಿದೆ. ಹಾಕಿದ ಹೆಡ್‌ಫೋನ್ 150 ಓಮ್‌ಗಿಂತ ಜಾಸ್ತಿ ಇದ್ರೆ ಜ್ಯಾಕ್ ತಾನಾಗೇ 3 ವೋಲ್ಟ್ ತನಕ ಕೊಡತ್ತೆ. ಐರೋಲಿ, ಮಹಾಪೆ ಆಫೀಸುಗಳಲ್ಲಿ ಕೂತ ಎಷ್ಟೋ ಜನರ ಬ್ಯಾಗಿನಲ್ಲಿ ಈ ಆಂಪ್ ಆಗಲೇ ಇದೆ, ಗೊತ್ತಿಲ್ಲ ಅಷ್ಟೇ. ಎಚ್‌ಡಿ 600ಗೆ ಅದು 112 ಡಿಬಿ, ಕೆ240 ಡಿಎಫ್‌ಗೆ 100 ಡಿಬಿ.

ಮೂರು, ಅಟ್ಟದ ಮೇಲಿನ ಹಳೇ ಸ್ಟೀರಿಯೋ ಆಂಪ್. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಹಳೇ ಹೆಡ್‌ಫೋನ್‌ಗೆ ಇದೇ ಸರಿಯಾದ ಜೋಡಿ.

70, 80ರ ದಶಕದ ಆಂಪ್‌ಗಳಲ್ಲಿ ಹೆಡ್‌ಫೋನಿಗೆ ಬೇರೆ ಸರ್ಕ್ಯೂಟ್ ಇರ್ತಿದ್ದದ್ದು ಅಪರೂಪ. ಸ್ಪೀಕರ್ ಔಟ್‌ಪುಟ್‌ನಿಂದಲೇ ಒಂದು ರೆಸಿಸ್ಟರ್ ಮೂಲಕ ದೊಡ್ಡ ಜ್ಯಾಕಿಗೆ ತಂದುಬಿಡ್ತಿದ್ರು. ಆ ರೆಸಿಸ್ಟರ್ 330 ಓಮ್ ಅಂತ ಇಟ್ಕೊಳ್ಳಿ. ಆಂಪ್ 8 ಓಮ್ ಸ್ಪೀಕರ್‌ಗೆ 40 ವ್ಯಾಟ್ ಕೊಡತ್ತೆ ಅಂದ್ರೆ ಸುಮಾರು 18 ವೋಲ್ಟ್. 330 ಓಮ್ ದಾಟಿ 600 ಓಮ್ ಹೆಡ್‌ಫೋನಿಗೆ ಬರೋ ಹೊತ್ತಿಗೆ ಸುಮಾರು 11.5 ವೋಲ್ಟ್. ನಮ್ಮ ಕೆ240ಕ್ಕೆ ಬೇಕಿದ್ದು 9.7. ಮುಗೀತಲ್ಲ! ಅದೇ ಜ್ಯಾಕಿಗೆ 32 ಓಮ್ ಹೆಡ್‌ಫೋನ್ ಹಾಕಿದ್ರೆ 1.6 ವೋಲ್ಟ್ ಮಾತ್ರ ಹೋಗತ್ತೆ. ಒಂದು ರೆಸಿಸ್ಟರ್ ಇಟ್ಟು ಎರಡೂ ಥರದ ಹೆಡ್‌ಫೋನ್ ಸಂಭಾಳಿಸಿದ್ರು ಹಳಬರು.

"ಔಟ್‌ಪುಟ್ ಇಂಪೀಡೆನ್ಸ್ ಜಾಸ್ತಿ ಇದ್ರೆ ಸೌಂಡ್ ಕೆಡಲ್ವಾ?" ಅಂತ ಕೇಳ್ತೀರಿ. ಒಳ್ಳೆ ಪ್ರಶ್ನೆ. ಹೆಡ್‌ಫೋನ್ ಓಮ್‌ನ ಎಂಟನೇ ಒಂದು ಭಾಗಕ್ಕಿಂತ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ ಕಡಿಮೆ ಇರಲಿ ಅನ್ನೋ ನಿಯಮ ಈಗ ಪ್ರಚಾರದಲ್ಲಿದೆ, ಅದು ಹೊಸ ಹೆಡ್‌ಫೋನ್‌ಗಳಿಗೆ ಒಳ್ಳೇ ನಿಯಮ. ಆದ್ರೆ 1996ರ ಐಇಸಿ 61938 ಸ್ಟ್ಯಾಂಡರ್ಡ್ ಹೇಳಿದ್ದು 120 ಓಮ್. ಆ ಕಾಲದ ಹೆಡ್‌ಫೋನ್‌ಗಳ ತಯಾರಕರೂ ಇಂಥ ಜ್ಯಾಕ್‌ಗಳನ್ನೇ ನೋಡಿದವರು. ಎಚ್‌ಡಿ 600 ತಗೊಳ್ಳಿ. 300 ಓಮ್ ಅಂತ ಬರೆದಿದ್ರೂ 100 ಹರ್ಟ್ಸ್ ಹತ್ತಿರ ಅದು 500 ದಾಟತ್ತೆ. 120 ಓಮ್ ಜ್ಯಾಕಿಗೆ ಹಾಕಿದ್ರೆ ಅಲ್ಲಿ ಬಾಸ್ ಸುಮಾರು ಒಂದು ಡಿಬಿ ಏರತ್ತೆ. ಕೆಲವರಿಗೆ ಅದೇ ಇಷ್ಟ, ಬೆಚ್ಚಗಿದೆ ಅಂತಾರೆ. ಫಾಸ್ಟೆಕ್ಸ್, ಹಳೇ ಯಮಹಾ ಎಚ್‌ಪಿ-1 ಥರದ ಆರ್ಥೋಡೈನಾಮಿಕ್‌ಗಳ ಇಂಪೀಡೆನ್ಸ್ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ. ಅವಕ್ಕೆ ಸದ್ದು ಕಡಿಮೆ ಆಗತ್ತೆ ಹೊರತು ಸ್ವರೂಪ ಬದಲಾಗಲ್ಲ.

ಡೊಂಬಿವಲಿಯ ಪ್ರಶ್ನೆ

ಈಗ ಪ್ರಶ್ನೆ ಕಳಿಸಿದವರ ವಿಷಯಕ್ಕೆ ಬರ್ತೀನಿ. ಹೆಸರು ಬೇಡ ಅಂದಿದ್ದಾರೆ. ಧಾರವಾಡ ಕಡೆಯವರು, ಕೆಲಸ ನವಿ ಮುಂಬೈಯಲ್ಲಿ, ಮನೆ ಡೊಂಬಿವಲಿ ಪೂರ್ವದಲ್ಲಿ ಒನ್ ಬಿಎಚ್‌ಕೆ. ಬೆಳಿಗ್ಗೆ ಲೋಕಲ್ ಹಿಡಿದು ಠಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಹಿಡಿಯೋ ಜೀವನ. ತಾಯಿ ತೀರಿಕೊಂಡ ಮೇಲೆ ತಂದೆ ಬಂದು ಇವರ ಜೊತೆ ಇದ್ದಾರೆ. ತಂದೆಗೆ ರಾತ್ರಿ ನಿದ್ದೆ ಕಡಿಮೆ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಇವರದೇ ಧ್ಯಾನ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದ ಕೇಂದ್ರ, ಅದರ ಜೊತೆಗೇ ಬೆಳೆದ ತಲೆಮಾರು ಅವರದು. ಊರಲ್ಲಿ ದೊಡ್ಡ ಮನೆ, ಸ್ಪೀಕರ್ ಹಚ್ಚಿ ಕೇಳ್ತಿದ್ರು. ಇಲ್ಲಿ ಒಂದು ಗೋಡೆಯಾಚೆ ಮೊಮ್ಮಗಳು ಮಲಗಿದ್ದಾಳೆ, ಇನ್ನೊಂದು ಗೋಡೆಯಾಚೆ ಪಕ್ಕದ ಮನೆ. ಹಾಗಾಗಿ ಪೆಟ್ಟಿಗೆಯಲ್ಲಿದ್ದ ಹಳೇ 600 ಓಮ್ ಕೆ240 ಹೊರಗೆ ಬಂತು.

ಫೋನಿಗೆ ಹಾಕಿ ಕೊಟ್ರು. ತಂದೆ ಹೇಳಿದ್ದು: "ಮೊದಲಿನಂಗ ಕೇಳಸವಲ್ದಪ್ಪ." ಮಗ ಅಂಗಡಿಯಲ್ಲಿ ವಿಚಾರಿಸಿದ್ರು. ಆಂಪ್, ಡ್ಯಾಕ್, ಕೇಬಲ್ ಸೇರಿಸಿ ಒಂದು ಸೆಟ್ ಹೇಳಿದ್ರು, ಇಎಂಐ ಕೂಡ ಇದೆ ಅಂದ್ರು. ಮನೆ ಸಾಲದ ಕಂತು, ಶಾಲೆ ಫೀಸು ಇದರ ನಡುವೆ ಇನ್ನೊಂದು ಕಂತು. "ತೊಗೊಳ್ಳಾ ಬ್ಯಾಡಾ ಹೇಳ್ರಿ ಸರ್" ಅಂತ ನನಗೆ ಬರೆದ್ರು.

ನಾನು ತಿರುಗಿ ಮೂರು ಪ್ರಶ್ನೆ ಕೇಳಿದೆ. ಇಯರ್‌ಪ್ಯಾಡ್ ಹೇಗಿದೆ? ಮನೆಯಲ್ಲಿ ಹಳೇ ಆಂಪ್ ಇದೆಯಾ? ಅಪ್ಪಾಜಿಯವರ ಕಿವಿ ಕೊನೇ ಸಲ ಯಾವಾಗ ಪರೀಕ್ಷೆ ಮಾಡಿಸಿದ್ದು?

ಪ್ಯಾಡ್ ಗಟ್ಟಿಯಾಗಿ ಒಡೆದು ಪುಡಿ ಉದುರ್ತಿತ್ತು. ಈ ಕಡೆ ಮಳೆಗಾಲದ ಥಂಡಿಗೆ ರೆಕ್ಸಿನ್, ಸ್ಪಂಜು ಬೇಗ ಹಾಳಾಗತ್ತೆ. ಕೆ240 ಥರದ ಹೆಡ್‌ಫೋನ್‌ಗೆ ಪ್ಯಾಡ್ ಕಿವಿ ಸುತ್ತ ಸರಿಯಾಗಿ ಕೂರದಿದ್ರೆ ಬಾಸ್ ಸೋರಿ ಹೋಗತ್ತೆ. ತಂಬೂರಿಯ ಖರಜದ ತಂತಿ ಕೇಳದೇ ಇದ್ರೆ ಮನ್ಸೂರರ ಹಾಡಿನಲ್ಲಿ ನೆಲಾನೇ ಇಲ್ಲದ ಹಾಗೆ ಆಗತ್ತೆ. ಎಷ್ಟು ವ್ಯಾಟ್ ಹಾಕಿದ್ರೂ ಅದು ವಾಪಸ್ ಬರಲ್ಲ. ಹೊಸ ಪ್ಯಾಡ್ ಜೋಡಿಗೆ ಆಗೋ ಖರ್ಚು ಆಂಪ್‌ನ ಮುಂದೆ ಏನೂ ಅಲ್ಲ. ಮೊದಲು ಅದು.

ಹಳೇ ಆಂಪ್ ಊರಲ್ಲಿತ್ತು. ಗಣಪತಿ ಹಬ್ಬಕ್ಕೆ ಹೋದವರು ತಂದ್ರು. ಹತ್ತು ವರ್ಷದಿಂದ ಕರೆಂಟ್ ಕಾಣದ ಆಂಪ್ ಅದು. ಅಂಥದ್ದನ್ನ ನೇರವಾಗಿ ಪ್ಲಗ್ಗಿಗೆ ಹಾಕಬೇಡಿ. ಡೊಂಬಿವಲಿಯಲ್ಲೇ ಹಳೇ ರಿಪೇರಿಯವರೊಬ್ಬರು ಸಿಕ್ಕರು. ಅವರು ಸೀರೀಸ್ ಬಲ್ಬ್ ಹಾಕಿ ಆನ್ ಮಾಡಿದ್ರು. ಆಂಪ್ ಜೊತೆ ಸೀರೀಸ್‌ನಲ್ಲಿ ಒಂದು ಹಳೇ ತಂತಿ ಬಲ್ಬ್. ಒಳಗೆ ಶಾರ್ಟ್ ಇದ್ರೆ ಬಲ್ಬ್ ಜೋರಾಗಿ ಉರಿಯತ್ತೆ, ಆಂಪ್ ಸುಡಲ್ಲ. ಎರಡು ಕೆಪಾಸಿಟರ್ ಬದಲಾಯಿಸಿದ್ರು, ವಾಲ್ಯೂಮ್ ಕಂಟ್ರೋಲ್ ಸ್ವಚ್ಛ ಮಾಡಿದ್ರು.

ಆಮೇಲೆ ಅತಿ ಮುಖ್ಯವಾದ ಪರೀಕ್ಷೆ. ಹೆಡ್‌ಫೋನ್ ಹಾಕೋ ಮುಂಚೆ, ವಾಲ್ಯೂಮ್ ಸೊನ್ನೆಯಲ್ಲಿಟ್ಟು, ಜ್ಯಾಕಿನಲ್ಲಿ ಡಿಸಿ ವೋಲ್ಟೇಜ್ ಎಷ್ಟಿದೆ ಅಂತ ಮಲ್ಟಿಮೀಟರ್‌ನಲ್ಲಿ ನೋಡಬೇಕು. ತುದಿ ಮತ್ತು ಬುಡದ ನಡುವೆ ಒಮ್ಮೆ, ಮಧ್ಯದ ಉಂಗುರ ಮತ್ತು ಬುಡದ ನಡುವೆ ಒಮ್ಮೆ. ಇಪ್ಪತ್ತು ಮೂವತ್ತು ಮಿಲಿವೋಲ್ಟ್ ಒಳಗಿದ್ರೆ ಸರಿ. ಅರ್ಧ ವೋಲ್ಟ್, ಒಂದು ವೋಲ್ಟ್ ಬಂದ್ರೆ ಹೆಡ್‌ಫೋನ್ ಹತ್ತಿರಕ್ಕೂ ತರಬೇಡಿ. ಪಾಸಾದ ಮೇಲೂ ಮೊದಲು ನೂರು ರೂಪಾಯಿ ಇಯರ್‌ಫೋನ್ ಹಾಕಿ ನೋಡಿ, ಆಮೇಲೆ ಅಪ್ಪನ ಹೆಡ್‌ಫೋನ್.

ಮೂರನೇ ಪ್ರಶ್ನೆ, ಕಿವಿ. ಇದನ್ನ ಕೇಳೋಕೆ ಮಗನಿಗೆ ಸಂಕೋಚ ಇತ್ತು. "ಅಪ್ಪಗ ಕಿವಿ ಕೇಳಂಗಿಲ್ಲ ಅಂತ ಹೆಂಗ ಹೇಳೋದ್ರಿ" ಅಂದ್ರು. ನಾನು ಹೇಳಿದ್ದಿಷ್ಟು: ಕನ್ನಡಕದ ನಂಬರ್ ಚೆಕ್ ಮಾಡಿಸಿದ ಹಾಗೇ ಅಂತ ಹೇಳಿ. ಆಡಿಯೋಗ್ರಾಂ ಮಾಡಿಸಿದ್ರು. ಎರಡೂ ಕಿವಿಯಲ್ಲಿ ಮೇಲಿನ ಫ್ರೀಕ್ವೆನ್ಸಿಗಳು ಕಡಿಮೆ ಕೇಳತ್ತೆ, ಎಡಗಿವಿ ಸ್ವಲ್ಪ ಜಾಸ್ತಿ ಮಂದ. ವಯಸ್ಸಿಗೆ ಆಗೋ ಸಹಜ ಬದಲಾವಣೆ ಅಂದ್ರು ಡಾಕ್ಟರ್. ಇದು ಗೊತ್ತಾಗಿದ್ದು ಯಾವ ಆಂಪ್‌ಗಿಂತಲೂ ದೊಡ್ಡ ಲಾಭ. ಯಾಕಂದ್ರೆ ಮೇಲಿನ ಸ್ವರ ಕೇಳಲಿಲ್ಲ ಅಂತ ಜನ ಇಡೀ ವಾಲ್ಯೂಮ್ ಏರಿಸ್ತಾರೆ. ಉಳಿದಿರೋ ಕಿವಿಯನ್ನ ಅದು ತಿಂದು ಹಾಕತ್ತೆ. 11.5 ವೋಲ್ಟ್ ಕೊಡೋ ಆಂಪ್ ರಾತ್ರಿ ಎರಡು ಗಂಟೆಗೆ ಒಬ್ಬರೇ ಕೂತ ವಯಸ್ಸಾದವರ ಕೈಯಲ್ಲಿ, ಯೋಚಿಸಿ.

ಸದ್ದಿನ ಮಿತಿ ನೆನಪಿಡಿ. 85 ಡಿಬಿಯಲ್ಲಿ ದಿನಕ್ಕೆ 8 ಗಂಟೆ, ಅಲ್ಲಿಂದ ಪ್ರತಿ 3 ಡಿಬಿ ಏರಿದ ಹಾಗೆ ಸಮಯ ಅರ್ಧ, ಇದು ಅಮೆರಿಕದ ನಿಯೋಶ್ ಸಂಸ್ಥೆ ಕೆಲಸದ ಜಾಗಗಳಿಗೆ ಹೇಳಿದ ಮಿತಿ. ವಿಶ್ವ ಆರೋಗ್ಯ ಸಂಸ್ಥೆ ಸಂಗೀತ ಕೇಳೋರಿಗೆ ಹೇಳೋದು ವಾರಕ್ಕೆ 40 ಗಂಟೆ, 80 ಡಿಬಿ.

ಇದಕ್ಕೆ ನಾವು ಮಾಡಿದ ಉಪಾಯ ನಿಮಗೂ ಉಪಯೋಗ ಆಗತ್ತೆ. 100 ಹರ್ಟ್ಸ್‌ನ ಪೂರ್ತಿ ಮಟ್ಟದ ಟೋನ್ ಫೈಲ್ ಒಂದನ್ನ ಫೋನಿನಿಂದ ಹಚ್ಚಿ, ಫೋನಿನ ವಾಲ್ಯೂಮ್ ಪೂರ್ತಿ ಇಡಿ. ಹೆಡ್‌ಫೋನ್ ಕಿವಿಗೆ ಬೇಡ, ಟೇಬಲ್ ಮೇಲೆ ಇರಲಿ, ಆದ್ರೆ ಸ್ಪ್ಲಿಟರ್ ಮೂಲಕ ಜ್ಯಾಕಿಗೆ ಸೇರಿರಲಿ. ಸ್ಪ್ಲಿಟರ್‌ನ ಇನ್ನೊಂದು ತುದಿಯಲ್ಲಿ ಮಲ್ಟಿಮೀಟರ್‌ನ ಎಸಿ ವೋಲ್ಟ್. ಆಂಪ್‌ನ ವಾಲ್ಯೂಮ್ ನಿಧಾನ ಏರಿಸಿ. 2 ವೋಲ್ಟ್ ಬಂದಾಗ ನಿಲ್ಲಿಸಿ. ಕೆ240ಕ್ಕೆ ಅದು 96 ಡಿಬಿ, ಸಂಗೀತದ ಅತಿ ದೊಡ್ಡ ಕ್ಷಣಕ್ಕೂ ಅದೇ ಹೆಚ್ಚುಕಡಿಮೆ ಗಡಿ. ಸರಾಸರಿ ಅದಕ್ಕಿಂತ ಬಹಳ ಕೆಳಗಿರತ್ತೆ. ನಾಬ್ ಮೇಲೆ ಆ ಜಾಗಕ್ಕೆ ಒಂದು ಚುಕ್ಕೆ ಇಡಿ. ಅವರ ಮನೆಯಲ್ಲಿ ಸೊಸೆಯ ಕೆಂಪು ನೈಲ್ ಪಾಲಿಶ್ ಹಾಕಿದ್ರು. ತೀರಾ ಮೆತ್ತಗಿನ ಹಳೇ ರೆಕಾರ್ಡಿಂಗ್‌ಗೆ ಮಾತ್ರ ಸ್ವಲ್ಪ ದಾಟಬಹುದು, ಮುಗಿದ ಮೇಲೆ ವಾಪಸ್ ಚುಕ್ಕೆ ಕೆಳಗೆ. ನಿಮ್ಮ ಹೆಡ್‌ಫೋನ್ ಬೇರೆ ಆದ್ರೆ ವೋಲ್ಟೇಜ್ ಬೇರೆ ಬರತ್ತೆ, ಮೇಲಿನ ಲೆಕ್ಕ ಹಾಕಿ ತೆಗೆಯಿರಿ.

ಆಂಪ್ ಕೊಳ್ಳಲೇಬೇಕು ಅಂದ್ರೆ

ಎಲ್ಲರ ಮನೆಯಲ್ಲಿ ಹಳೇ ಆಂಪ್ ಇರಲ್ಲ, ಇದ್ರೂ ಡೆಸ್ಕ್ ಮೇಲೆ ಜಾಗ ಇರಲ್ಲ. ಕೊಳ್ಳೋರಿಗೆ ಮೂರು ಮಾತು.

ಮೊದಲನೇದು, 32 ಓಮ್ ಸಂಖ್ಯೆಗೆ ಮರುಳಾಗಬೇಡಿ. ಬಾಕ್ಸ್ ಮೇಲೆ "1000 ಮಿಲಿವ್ಯಾಟ್" ಅಂತ ದೊಡ್ಡದಾಗಿ ಇರತ್ತೆ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 32 ಓಮ್. ಅದು 5.7 ವೋಲ್ಟ್. ಅದೇ ಆಂಪ್ 600 ಓಮ್‌ಗೆ ಕೊಡೋದು 53 ಮಿಲಿವ್ಯಾಟ್ ಆಸುಪಾಸು. ಕೆ240 ಡಿಎಫ್‌ಗೆ 105 ಡಿಬಿ. ಕೆಟ್ಟದ್ದಲ್ಲ, ಬಹಳಷ್ಟು ಜನರಿಗೆ ಸಾಕು, ಆದ್ರೆ ಸಾವಿರ ಅನ್ನೋ ಅಂಕಿ ಕೊಡೋ ಭ್ರಮೆ ಬೇರೆ. ಸ್ಪೆಸಿಫಿಕೇಶನ್‌ನಲ್ಲಿ 300 ಅಥವಾ 600 ಓಮ್ ಸಾಲು ಹುಡುಕಿ. ಇಲ್ಲದಿದ್ರೆ ಗರಿಷ್ಠ ವೋಲ್ಟೇಜ್ ಹುಡುಕಿ.

ಎರಡನೇದು, ಸ್ವಂತ ಕಟ್ಟೋ ಆಸೆ ಇರೋರಿಗೆ. ಸಿಮಾಯ್ ಅನ್ನೋ ಪುಟ್ಟ ಆಂಪ್ ಎಲ್ಲರೂ ಮೊದಲು ಕಟ್ಟೋದು. ಒಂದು 9 ವೋಲ್ಟ್ ಬ್ಯಾಟರಿ, ಒಂದು ಆಪ್‌ಆಂಪ್. ಬರೋದು 2.5 ವೋಲ್ಟ್ ಆಸುಪಾಸು. ಎಚ್‌ಡಿ 600ಗೆ ಸರಿಯಾಗಿ 110 ಡಿಬಿ, ಕೆ240ಕ್ಕೆ 98ಕ್ಕೆ ನಿಲ್ಲತ್ತೆ. ಅದಕ್ಕಿಂತ ಗಟ್ಟಿಯಾದದ್ದು ಓ2. 2011ರಲ್ಲಿ ತನ್ನ ನಿಜ ಹೆಸರು ಹೇಳದ ಎಂಜಿನಿಯರ್ ಒಬ್ಬ ವಿನ್ಯಾಸ ಮಾಡಿ, ಅಳತೆಗಳ ಸಮೇತ ಸರ್ಕ್ಯೂಟ್ ಎಲ್ಲರಿಗೂ ಬಿಟ್ಟುಕೊಟ್ಟ. ಸುಮಾರು 7 ವೋಲ್ಟ್ ಕೊಡತ್ತೆ, ಕೆ240ಕ್ಕೆ 107 ಡಿಬಿ. ಬಿಡಿಭಾಗಕ್ಕೆ ಲ್ಯಾಮಿಂಗ್ಟನ್ ರೋಡ್ ಇದ್ದೇ ಇದೆ, ನಮ್ಮ ಬೆಂಗಳೂರಿನ ಎಸ್‌ಪಿ ರೋಡ್ ಇದ್ದ ಹಾಗೆ. ಡೊಂಬಿವಲಿ, ಠಾಣೆಯವರು ದಾದರ್‌ನಲ್ಲಿ ಇಳಿದು ವೆಸ್ಟರ್ನ್ ಲೈನ್ ಹಿಡಿದು ಗ್ರ್ಯಾಂಟ್ ರೋಡ್‌ನಲ್ಲಿ ಇಳೀಬೇಕು. ಭಾನುವಾರ ಬಹಳ ಅಂಗಡಿ ಮುಚ್ಚಿರತ್ತೆ, ಶನಿವಾರ ಹೋಗಿ. ಓ2ಗೆ ಬೇಕಾಗೋದು ಎಸಿ ಔಟ್‌ಪುಟ್ ಕೊಡೋ ಅಡಾಪ್ಟರ್. ಮಾಮೂಲಿ ಡಿಸಿ ಅಡಾಪ್ಟರ್ ಅದಕ್ಕೆ ಆಗಲ್ಲ, ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಿ.

ರೆಡಿಮೇಡ್ ಬೇಕಂದ್ರೆ ಜೆಡಿಎಸ್ ಲ್ಯಾಬ್ಸ್ ಆಟಂ, ಶೀಟ್ ಮ್ಯಾಗ್ನಿ, ಟಾಪಿಂಗ್ ಎಲ್30 ಇವೆಲ್ಲ ಈ ದರ್ಜೆಯ ಹೆಸರುಗಳು. ಹೊರದೇಶದಿಂದ ತರಿಸಿದ್ರೆ ಸಾಗಣೆ, ಕಸ್ಟಮ್ಸ್ ಸೇರಿ ಬೆಲೆ ಏರತ್ತೆ, ಇಲ್ಲೇ ಸರ್ವಿಸ್ ಸಿಗತ್ತಾ ನೋಡ್ಕೊಳ್ಳಿ. ಇವುಗಳ ನಡುವೆ ಕಿವಿಗೆ ಗೊತ್ತಾಗೋ ವ್ಯತ್ಯಾಸ ಬಹಳ ಕಡಿಮೆ. ನಿಮಗೆ ಬೇಕಾದ ವೋಲ್ಟೇಜ್ ಕೊಡೋದರಲ್ಲಿ ಯಾವುದು ಅಗ್ಗವೋ ಅದು ತಗೊಳ್ಳಿ.

ಮೂರನೇದು ಎಚ್ಚರಿಕೆ, ದಯವಿಟ್ಟು ಗಮನ ಕೊಡಿ. ಕೆಲವು ನೂರು ರೂಪಾಯಿಗೆ ಟಿಪಿಎ3116 ಚಿಪ್ ಇರೋ ಕ್ಲಾಸ್ ಡಿ ಬೋರ್ಡ್‌ಗಳು ಸಿಗುತ್ತವೆ. ಸ್ಪೀಕರ್‌ಗೆ ಚೆನ್ನಾಗಿವೆ. ಅದರ ಸ್ಪೀಕರ್ ಔಟ್‌ಪುಟ್‌ಗೆ ಹೆಡ್‌ಫೋನ್ ಹಾಕೋಣ ಅಂತ ಹೋಗಬೇಡಿ. ಅದು ಬ್ರಿಡ್ಜ್ ಔಟ್‌ಪುಟ್, ಅಂದ್ರೆ ಮೈನಸ್ ವೈರ್ ಗ್ರೌಂಡ್ ಅಲ್ಲ, ಅದರಲ್ಲೂ ಸಿಗ್ನಲ್ ಇದೆ. ನಮ್ಮ ಹೆಡ್‌ಫೋನ್ ಪ್ಲಗ್‌ನಲ್ಲಿ ಎಡ ಬಲ ಎರಡರ ಮೈನಸ್ ಒಂದೇ ಕಡೆ ಸೇರಿರತ್ತೆ. ಹಾಕಿದ ಕ್ಷಣ ಎರಡು ಚಾನೆಲ್ ಒಂದಕ್ಕೊಂದು ಶಾರ್ಟ್. ಬೋರ್ಡ್ ಹೋಗತ್ತೆ, ಹೆಡ್‌ಫೋನೂ ಹೋಗಬಹುದು. ಹಾಗೇ ವಾಲ್ವ್ ಆಂಪ್ ಸಿಕ್ಕಿದ್ರೆ ಮುಚ್ಚಳ ತೆಗೀಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ನೂರಾರು ವೋಲ್ಟ್ ಕೂತಿರತ್ತೆ.

ಸಣ್ಣ ಪುಟ್ಟ ತೊಂದರೆಗಳು

ಗುಂಯ್ ಅಂತ ಹಮ್ ಬಂದ್ರೆ ಆಂಪ್ ಬೈಯೋ ಮುಂಚೆ ಮನೆಯ ಅರ್ತಿಂಗ್ ನೋಡಿ. ಹಳೇ ಬಿಲ್ಡಿಂಗ್‌ಗಳಲ್ಲಿ ಮೂರು ಪಿನ್ ಸಾಕೆಟ್ ಇರತ್ತೆ, ಹಿಂದೆ ಅರ್ತ್ ವೈರ್ ಇರಲ್ಲ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ, ಹಮ್ ಹೋದ್ರೆ ಮೂಲ ಅಲ್ಲೇ.

ಜರ್ಮನಿಯ ಹಳೇ ಹೆಡ್‌ಫೋನ್‌ಗಳಲ್ಲಿ ಡಿನ್ ಪ್ಲಗ್ ಇರತ್ತೆ. ಅದನ್ನ ಕತ್ತರಿಸೋ ಮುಂಚೆ ಯಾವ ವೈರ್ ಯಾವುದಕ್ಕೆ ಅಂತ ಫೋಟೋ ತೆಗೆದಿಡಿ. ಹಳೇ ದೊಡ್ಡ ಪ್ಲಗ್ಗಿಗೆ ಗಟ್ಟಿ ಕನ್ವರ್ಟರ್ ಹಾಕಿ ಫೋನಿಗೆ ಸಿಕ್ಕಿಸಿದ್ರೆ ಆ ಭಾರಕ್ಕೆ ಫೋನಿನ ಜ್ಯಾಕ್ ಸಡಿಲ ಆಗತ್ತೆ. ಸಣ್ಣ ವೈರ್ ಇರೋ ಕನ್ವರ್ಟರ್ ತಗೊಳ್ಳಿ. ಮತ್ತೆ, ಓಪನ್ ಹೆಡ್‌ಫೋನ್ ಲೋಕಲ್ ಟ್ರೈನಿಗೆ ಅಲ್ಲ. ಕಲ್ಯಾಣ ಫಾಸ್ಟ್‌ನ ಗದ್ದಲದಲ್ಲಿ ಸಂಗೀತ ಕೇಳಿಸಬೇಕು ಅಂದ್ರೆ ಕಿವಿ ಕೆಡೋ ಮಟ್ಟಕ್ಕೆ ಏರಿಸಬೇಕಾಗತ್ತೆ.

ಒಟ್ಟು ಕ್ರಮ ಇಷ್ಟು: ಓಮ್ ಮತ್ತು ಸೆನ್ಸಿಟಿವಿಟಿ ಹುಡುಕಿ, ವೋಲ್ಟೇಜ್ ಲೆಕ್ಕ ಹಾಕಿ, ಪ್ಯಾಡ್ ಮತ್ತು ಕೇಬಲ್ ಸರಿ ಮಾಡಿ, ಮನೆಯಲ್ಲಿರೋ ಡಾಂಗಲ್, ಲ್ಯಾಪ್‌ಟಾಪ್, ಹಳೇ ಆಂಪ್ ಪರೀಕ್ಷಿಸಿ. ಆಮೇಲೂ ಕೊರತೆ ಇದ್ರೆ ಎಷ್ಟು ವೋಲ್ಟ್ ಕೊರತೆ ಅನ್ನೋದು ನಿಮಗೆ ಗೊತ್ತಿರತ್ತೆ, ಅಂಗಡಿಯವರು ಹೇಳಿದ್ದಕ್ಕೆಲ್ಲ ತಲೆ ಆಡಿಸಬೇಕಿಲ್ಲ.

ನಿಮ್ಮ ಹತ್ತಿರ ಯಾವ ಹೆಡ್‌ಫೋನ್ ಇದೆ, ಎಷ್ಟು ಓಮ್, ಯಾವುದಕ್ಕೆ ಹಾಕಿ ಕೇಳ್ತೀರಿ ಅಂತ ಬರೆಯಿರಿ. ಲೆಕ್ಕ ನೀವೇ ಹಾಕಿ ಕಳಿಸಿದ್ರೆ ಇನ್ನೂ ಸಂತೋಷ, ತಾಳೆ ನೋಡಿ ಹೇಳ್ತೀನಿ. ಮುಂದಿನ ಸಲ ಹಳೇ ಕ್ಯಾಸೆಟ್‌ಗಳನ್ನ ಕಂಪ್ಯೂಟರ್‌ಗೆ ಇಳಿಸೋದು ಹೇಗೆ ಅಂತ ನೋಡೋಣ. ಮನೆಯಲ್ಲಿ ಕ್ಯಾಸೆಟ್ ಇದ್ರೆ ಈ ಮಳೆಗಾಲ ಮುಗಿಯೋ ತನಕ ಒಣ ಜಾಗದಲ್ಲಿ ಎತ್ತಿಡಿ.